ಜಾರಲಿ, ಪಲ್ಟಿಯಾಗದಿರಲಿ: 1/32 ಅಳತೆಯ ಸ್ಲಾಟ್ ರೇಸ್ ಟ್ರಕ್ ಕಟ್ಟಿ ಟ್ಯೂನ್ ಮಾಡುವ ಬಗೆ

ಸ್ಲಾಟ್ ಕಾರಿನಲ್ಲಿ, ಅಂದರೆ ಟ್ರ್ಯಾಕಿನ ಸೀಳು ಹಿಡಿದು ಕರೆಂಟಿನಿಂದ ಓಡುವ ಪುಟ್ಟ ಕಾರಿನಲ್ಲಿ, ಕೈ ಪಳಗಿದವರಿಗೆ ಒಂದು ಟ್ರಕ್ ಕಟ್ಟಬೇಕು ಅನ್ನಿಸುವುದು ಸಹಜ. ಆದರೆ ಹೆಚ್ಚಿನವರು ಕಾರಿಗೆ ಕಲಿತ ಲೆಕ್ಕವನ್ನೇ ಟ್ರಕ್ಕಿಗೂ ಹಾಕುತ್ತಾರೆ. ಜೋರಾದ ಮೋಟಾರು, ಗಟ್ಟಿ ಹಿಡಿತದ ಟೈರು. ಮೊದಲ ತಿರುವಿನಲ್ಲೇ ಪಲ್ಟಿ. ಕಾರು ವೇಗ ಜಾಸ್ತಿಯಾದರೆ ಹಿಂಭಾಗ ಜಾರುತ್ತದೆ. ಕೈಯಲ್ಲಿ ಹಿಡಿದು ವೇಗ ಹೊಂದಿಸುವ ಕಂಟ್ರೋಲರ್ ಸ್ವಲ್ಪ ಬಿಟ್ಟರೆ ಮತ್ತೆ ಹತೋಟಿಗೆ ಬರುತ್ತದೆ. ಟ್ರಕ್ ಎತ್ತರದ ಗಾಡಿ. ಅದು ಜಾರುವ ಮೊದಲೇ ಮಗುಚಿಕೊಳ್ಳುತ್ತದೆ. ಮಗುಚಲು ಶುರುವಾದ ಮೇಲೆ ಕಂಟ್ರೋಲರಿನಿಂದ ಏನೂ ಮಾಡಲಾಗದು.

ಹಾಗಾಗಿ ಈ ಇಡೀ ಕೆಲಸಕ್ಕೆ ಒಂದೇ ಗುರಿ: ನಿಮ್ಮ ಟ್ರಕ್ ಮಗುಚುವ ಮೊದಲು ಜಾರಬೇಕು. ಮೋಟಾರು ಎಲ್ಲಿ ಕೂರಬೇಕು, ಕ್ಯಾಬಿನ್ ಎಷ್ಟು ದಪ್ಪ ಇರಬೇಕು, ಟೈರ್ ಯಾವುದು, ಎಲ್ಲವನ್ನೂ ಈ ಒಂದು ಮಾತೇ ನಿರ್ಧರಿಸುತ್ತದೆ.

ಹೊಸಬರಿಗೆ ಎರಡು ಮಾತು. ಸ್ಲಾಟ್ ಟ್ರ್ಯಾಕಿನಲ್ಲಿ ಪ್ರತಿ ಲೇನಿಗೂ ಒಂದು ಸೀಳು, ಅದರ ಎರಡೂ ಬದಿಗೆ ಲೋಹದ ಪಟ್ಟಿ. ಗಾಡಿಯ ಮುಂಭಾಗದ ಕೆಳಗಿರುವ ಗೈಡ್ ಆ ಸೀಳಿನೊಳಗೆ ಇಳಿದು ದಾರಿ ಹಿಡಿಸುತ್ತದೆ. ಗೈಡಿನ ಎರಡು ಬದಿಯಲ್ಲಿರುವ ತಾಮ್ರದ ಬ್ರೇಡ್ (ಹೆಣೆದ ತಂತಿ) ಆ ಲೋಹದ ಪಟ್ಟಿಯಿಂದ ಕರೆಂಟ್ ಎತ್ತಿ ಮೋಟಾರಿಗೆ ಕೊಡುತ್ತದೆ. ಸಾಮಾನ್ಯವಾಗಿ 12 ವೋಲ್ಟ್ ಡಿಸಿ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅನ್ನುವ ಸ್ಲಾಟ್ ಕಾರ್ ಸೆಟ್ ಹೊರತಂದ ಮೇಲೆ ಈ ಆಟ ಮನೆಮನೆಗೆ ಹೋಯಿತು. ಟ್ರಕ್ಕುಗಳೂ ಹೊಸತೇನಲ್ಲ. ಅಮೆರಿಕದ ಟೈಕೋ ಕಂಪನಿ ಪುಟ್ಟ ಎಚ್‌ಒ ಅಳತೆಯಲ್ಲಿ ಯುಎಸ್-1 ಟ್ರಕ್ಕುಗಳನ್ನು ಮಾರಿತ್ತು. ಸ್ಪೇನಿನ ಫ್ಲೈ ಕಂಪನಿ 1/32 ಅಳತೆಯಲ್ಲಿ ಯುರೋಪಿನ ರೇಸ್ ಟ್ರಕ್ಕುಗಳನ್ನು ಮಾಡಿತು. ಇಲ್ಲಿ ನಾವು ಕಟ್ಟುವುದೂ ಅದೇ ಬಗೆಯದು: ಟ್ರೇಲರ್ ಇಲ್ಲದ, ಚಪ್ಪಟೆ ಮೂತಿಯ, ಎರಡು ಆಕ್ಸಲ್ಲಿನ ರೇಸ್ ಟ್ರಕ್.

ಯಾವ ಲಾರಿ ಅನ್ನುವುದು ನಿಮ್ಮಿಷ್ಟ. ಮ್ಯಾನ್, ಮರ್ಸಿಡಿಸ್ ಆಗಬಹುದು. 2014ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಓಡಿದ ಟಾಟಾ ಪ್ರೈಮಾ ರೇಸ್ ಟ್ರಕ್ ನಮ್ಮವರಿಗೆ ಒಳ್ಳೆಯ ಆಯ್ಕೆ. ನೆಟ್ಟಗಿನ ಗೋಡೆಗಳ ಕ್ಯಾಬಿನ್ ಆದ್ದರಿಂದ ಪ್ಲಾಸ್ಟಿಕ್ ಶೀಟಿನಲ್ಲಿ ಕತ್ತರಿಸಿ ಮಾಡುವುದು ಕಾರಿನ ಬಾಡಿಗಿಂತ ಸುಲಭ.

ಮೊದಲು ಅಳತೆ

ನಿಜವಾದ ಲಾರಿಯ ಅಗಲ ಸುಮಾರು 2.5 ಮೀಟರ್. 32ರಿಂದ ಭಾಗಿಸಿದರೆ 78 ಮಿ.ಮೀ. ಸ್ಕೇಲೆಕ್ಸ್‌ಟ್ರಿಕ್ ಟ್ರ್ಯಾಕಿನಲ್ಲಿ ಒಂದು ಸೀಳಿನಿಂದ ಇನ್ನೊಂದಕ್ಕೆ ಇರುವ ಅಂತರವೂ ಸುಮಾರು 78 ಮಿ.ಮೀ. ಅಂದರೆ ಅಳತೆಗೆ ಸರಿಯಾಗಿ ಕಟ್ಟಿದ ಎರಡು ಟ್ರಕ್ ಅಕ್ಕಪಕ್ಕ ಬಂದರೆ ಒಂದಕ್ಕೊಂದು ಉಜ್ಜುತ್ತವೆ. ಆ ಟ್ರ್ಯಾಕಿಗೆ 72 ಮಿ.ಮೀ. ಅಗಲ ಸಾಕು. ಕ್ಯಾರೆರಾದಂಥ ಅಗಲ ಟ್ರ್ಯಾಕಿನಲ್ಲಿ 78 ಇಟ್ಟುಕೊಳ್ಳಿ. ಅಗಲ ಹೆಚ್ಚಿದಷ್ಟೂ ಮಗುಚುವ ಭಯ ಕಡಿಮೆ.

ಲಾರಿ ಟೈರಿನ ವ್ಯಾಸ ಸುಮಾರು ಒಂದು ಮೀಟರ್. ಅಳತೆಗೆ 31 ಮಿ.ಮೀ. ಚಿಲ್ಲರೆ ಆಗುತ್ತದೆ. ನಾನು 30 ಮಿ.ಮೀ. ಅಂತ ಹಿಡಿದು ಲೆಕ್ಕ ಹೇಳುತ್ತೇನೆ. ಇನ್ನೂ ಚಿಕ್ಕದು ಹಾಕಿದರೆ ಗಾಡಿ ತಗ್ಗುತ್ತದೆ, ಆದರೆ ತೀರಾ ಚಿಕ್ಕ ಚಕ್ರದ ಲಾರಿ ನೋಡಲು ಚೆನ್ನಾಗಿರುವುದಿಲ್ಲ.

ತೂಕದ ಲೆಕ್ಕ

ಕತ್ತರಿ ಹಿಡಿಯುವ ಮೊದಲು ಈ ಲೆಕ್ಕ ಮಾಡಿ. ಚಾಸಿ, ಮೋಟಾರು, ಚಕ್ರ ಎಲ್ಲ ಸೇರಿ 80 ಗ್ರಾಂ ಅಂದುಕೊಳ್ಳಿ. ಅದರ ತೂಕದ ಕೇಂದ್ರ ನೆಲದಿಂದ 11 ಮಿ.ಮೀ. ಎತ್ತರದಲ್ಲಿದೆ. ಕ್ಯಾಬಿನ್ 40 ಗ್ರಾಂ, ಅದರ ಕೇಂದ್ರ 55 ಮಿ.ಮೀ. ಎತ್ತರದಲ್ಲಿ. ತೂಕವನ್ನು ಎತ್ತರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿ. ಇಡೀ ಗಾಡಿಯ ಕೇಂದ್ರ ಸುಮಾರು 25.7 ಮಿ.ಮೀ. ಎತ್ತರಕ್ಕೆ ಬರುತ್ತದೆ.

ಇದನ್ನು ತಗ್ಗಿಸಲು ಎಲ್ಲರೂ ಮೊದಲು ಮಾಡುವುದು ಕೆಳಗೆ ಸೀಸ ಅಂಟಿಸುವುದು. ನೆಲದಿಂದ 4 ಮಿ.ಮೀ. ಎತ್ತರದಲ್ಲಿ 20 ಗ್ರಾಂ ಸೀಸ ಹಾಕಿದರೆ ಕೇಂದ್ರ 22.6ಕ್ಕೆ ಇಳಿಯುತ್ತದೆ. ಅದರ ಬದಲು ಕ್ಯಾಬಿನ್ನಿನಿಂದಲೇ 20 ಗ್ರಾಂ ತೆಗೆದರೆ? 19.8ಕ್ಕೆ ಇಳಿಯುತ್ತದೆ. ಅದೇ 20 ಗ್ರಾಂ, ಆದರೆ ಲಾಭ ಹತ್ತಿರಹತ್ತಿರ ಎರಡರಷ್ಟು. ಜೊತೆಗೆ ಗಾಡಿಯೂ ಹಗುರ, ಮೋಟಾರಿಗೂ ಹೊರೆ ಕಡಿಮೆ. ಆದ್ದರಿಂದ ಮೊದಲು ಮೇಲಿನದನ್ನು ಹಗುರ ಮಾಡಿ. ಸೀಸದ ಸರದಿ ಆಮೇಲೆ.

ಆಭರಣ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. 0.1 ಗ್ರಾಂ ತೋರಿಸಬೇಕು. ಪ್ರತಿ ಭಾಗವನ್ನೂ ತೂಗಿ ಬರೆದಿಟ್ಟುಕೊಳ್ಳಿ.

ಮೋಟಾರು ಮತ್ತು ಗೇರು

ಮನೆ ಟ್ರ್ಯಾಕಿನ ಸ್ಲಾಟ್ ಕಾರುಗಳಲ್ಲಿ ಬಹಳ ಕಡೆ ಕಾಣುವುದು ಎಫ್‌ಸಿ-130 ಗಾತ್ರದ ಮೋಟಾರು. ಸುಮಾರು 20 ಮಿ.ಮೀ. ಅಗಲ, 15 ಮಿ.ಮೀ. ದಪ್ಪ, 25 ಮಿ.ಮೀ. ಉದ್ದ, ತೂಕ 17 ಗ್ರಾಂ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಟಿಕೆಯ ಮೋಟಾರು ಕೇಳಿದರೆ ಇದೇ ಆಕಾರದ್ದು ಕೈಗೆ ಕೊಡುತ್ತಾರೆ. ಆದರೆ ಅವು ಹೆಚ್ಚಾಗಿ 3 ಅಥವಾ 6 ವೋಲ್ಟಿನವು, 12 ವೋಲ್ಟಿಗೆ ಸುಟ್ಟುಹೋಗುತ್ತವೆ. 12 ವೋಲ್ಟಿಗೆ ನಿಮಿಷಕ್ಕೆ 18,000 ಸುತ್ತು ಸುತ್ತುವ ಸ್ಲಾಟ್ ಮೋಟಾರನ್ನೇ ತರಿಸಿಕೊಳ್ಳಿ. ಟ್ರಕ್ಕಿಗೆ ಇದಕ್ಕಿಂತ ಜೋರಿನದು ಬೇಡ.

ಈಗ ಗೇರು. ಕಾರಿನ ಟೈರು 20 ಮಿ.ಮೀ., ಗೇರ್ ಅನುಪಾತ 3ಕ್ಕೆ 1 ಅಂದುಕೊಳ್ಳಿ. ನಮ್ಮ ಟೈರು 30 ಮಿ.ಮೀ. ಒಂದು ಸುತ್ತಿಗೆ ಒಂದೂವರೆ ಪಟ್ಟು ದೂರ ಹೋಗುತ್ತದೆ. ಅದೇ 3:1 ಗೇರು ಹಾಕಿದರೆ ಲೆಕ್ಕಕ್ಕೆ ಟ್ರಕ್ ಕಾರಿಗಿಂತ ಒಂದೂವರೆ ಪಟ್ಟು ವೇಗ, ಆದರೆ ಎಳೆಯುವ ಶಕ್ತಿ ಇಲ್ಲ, ಬ್ರೇಕೂ ಇಲ್ಲ. ಸ್ಲಾಟ್ ಗಾಡಿಯಲ್ಲಿ ಬ್ರೇಕ್ ಅಂದರೆ ಮೋಟಾರೇ. ಕಂಟ್ರೋಲರ್ ಬಿಟ್ಟಾಗ ಮೋಟಾರಿನ ಎರಡು ತುದಿ ಸೇರಿಕೊಂಡು ಅದೇ ತಡೆಯುತ್ತದೆ. ಗೇರ್ ಅನುಪಾತ ಕಡಿಮೆಯಾದರೆ ಆ ತಡೆಯೂ ಕಡಿಮೆ. ಕಾರಿನಷ್ಟೇ ವೇಗ ಬೇಕಾದರೆ ಟ್ರಕ್ಕಿಗೆ 4.5:1 ಬೇಕು. ಮೋಟಾರಿನ ಶಾಫ್ಟಿಗೆ 9 ಹಲ್ಲಿನ ಪಿನಿಯನ್ (ಚಿಕ್ಕ ಗೇರು), ಆಕ್ಸಲ್ಲಿಗೆ 40 ಹಲ್ಲಿನ ಗೇರು ಹಾಕಿದರೆ 4.44. ಸರಿಹೋಯಿತು. ಎರಡೂ 0.5 ಮಾಡ್ಯೂಲಿನವು (ಹಲ್ಲಿನ ಗಾತ್ರದ ಅಳತೆ) ಆಗಿರಲಿ, ಇಲ್ಲವಾದರೆ ಹಲ್ಲಿಗೆ ಹಲ್ಲು ಕೂರುವುದಿಲ್ಲ.

ಮೋಟಾರನ್ನು ಉದ್ದಕ್ಕೆ ಇಡಬೇಕೋ ಅಡ್ಡಕ್ಕೋ? ಟ್ರಕ್ಕಿಗೆ ಅಡ್ಡ. ಕಾರಣ ಸರಳ. ಉದ್ದಕ್ಕೆ ಇಟ್ಟರೆ, ತಿರುಗುವಿಕೆಯನ್ನು ಅಡ್ಡ ಆಕ್ಸಲ್ಲಿಗೆ ದಾಟಿಸುವ ಸಾಮಾನ್ಯ ಕ್ರೌನ್ ಗೇರಿಗೆ ಮೋಟಾರಿನ ಶಾಫ್ಟು ಆಕ್ಸಲ್ಲಿನ ಮಟ್ಟಕ್ಕೇ ಬರಬೇಕು. 30 ಮಿ.ಮೀ. ಟೈರಿಗೆ ಆಕ್ಸಲ್ ಎತ್ತರ 15 ಮಿ.ಮೀ. 17 ಗ್ರಾಂ ಮೋಟಾರು ಅಷ್ಟು ಮೇಲೆ ಕೂರುತ್ತದೆ. ಅಡ್ಡಕ್ಕೆ ಇಟ್ಟರೆ ಶಾಫ್ಟಿನಿಂದ ಆಕ್ಸಲ್ಲಿಗೆ 12.25 ಮಿ.ಮೀ. ದೂರ ಇದ್ದರೆ ಆಯಿತು, ಅದು ಆಕ್ಸಲ್ಲಿನ ಮುಂದೆ ಎಷ್ಟು ತಗ್ಗಿನಲ್ಲಿ ಬೇಕಾದರೂ ಇರಬಹುದು. ನೆಲದಿಂದ 2 ಮಿ.ಮೀ. ಬಿಟ್ಟು ಮೋಟಾರನ್ನು ಮಲಗಿಸಿ. ಶಾಫ್ಟು 9.5 ಮಿ.ಮೀ. ಎತ್ತರಕ್ಕೆ ಬರುತ್ತದೆ. ಐದೂವರೆ ಮಿ.ಮೀ. ಲಾಭ, ಒಂದು ಪೈಸೆ ಖರ್ಚಿಲ್ಲದೆ. 40 ಹಲ್ಲಿನ ಗೇರಿನ ಅಂಚಿಗೂ ನೆಲಕ್ಕೂ ಇನ್ನೂ 4.5 ಮಿ.ಮೀ. ಜಾಗ ಉಳಿಯುತ್ತದೆ.

ಚಾಸಿ

1 ಮಿ.ಮೀ. ಹಿತ್ತಾಳೆ ತಗಡು ನನ್ನ ಆಯ್ಕೆ. 110 ಉದ್ದ, 30 ಅಗಲದ ತುಂಡು ಸುಮಾರು 28 ಗ್ರಾಂ ತೂಗುತ್ತದೆ. ಅಷ್ಟೂ ತೂಕ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ, ಬೇರೆ ಸೀಸದ ಅಗತ್ಯ ಹೆಚ್ಚಾಗಿ ಬೀಳುವುದೇ ಇಲ್ಲ. 3ಡಿ ಪ್ರಿಂಟ್ ಚಾಸಿಯೂ ಆಗುತ್ತದೆ, ಆದರೆ ಆಗ ಕೆಳಗಿನ ತೂಕವನ್ನು ಬೇರೆಯಾಗಿ ಸೇರಿಸಬೇಕು.

ತಗಡಿನ ಮೇಲೆ ಗುರುತು ಹಾಕಿ. ಹಿಂದೆ ಮೋಟಾರಿಗೆ ಕಿಂಡಿ ಕತ್ತರಿಸಿ. ಮೋಟಾರು ತಗಡಿನ ಮೇಲೆ ಕೂರಬಾರದು, ಅದರೊಳಗೆ ಇಳಿಯಬೇಕು. ಆಕ್ಸಲ್ಲಿಗೆ ಎರಡು ಬದಿ ಹಿತ್ತಾಳೆ ಪಟ್ಟಿಯ ಕಂಬ ನಿಲ್ಲಿಸಿ, ಅದರಲ್ಲಿ ಲೋಹದ ಬುಷ್ (ಆಕ್ಸಲ್ ತಿರುಗುವ ಉಂಗುರ) ಕೂರಿಸಿ. ಪ್ಲಾಸ್ಟಿಕ್ ಬುಷ್ ಬೆಸುಗೆಯ ಬಿಸಿಗೆ ಕರಗುತ್ತದೆ. ಆಕ್ಸಲ್ 3/32 ಇಂಚಿನದು, ಅಂದರೆ 2.38 ಮಿ.ಮೀ. ಬೆಸುಗೆ ಹಾಕುವಾಗ ಎರಡೂ ಬುಷ್‌ನೊಳಗೆ ನೇರವಾದ ಆಕ್ಸಲ್ ತೂರಿಸಿಯೇ ಇರಲಿ, ಆಗ ಎರಡೂ ಒಂದೇ ಸಾಲಿಗೆ ಬರುತ್ತವೆ. ಆಕ್ಸಲ್ಲಿಗೆ ಒಂದು ಹನಿ ಎಣ್ಣೆ ಸವರಿದರೆ ಬೆಸುಗೆ ಅದಕ್ಕೆ ಅಂಟುವುದಿಲ್ಲ.

ವೈರಿಗೆ ಬಳಸುವ 25 ವ್ಯಾಟ್ ಕಾವುಕಡ್ಡಿ (ಸೋಲ್ಡರಿಂಗ್ ಐರನ್) ಇಲ್ಲಿ ಸಾಲದು. ಹಿತ್ತಾಳೆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. 60 ವ್ಯಾಟಿನದು ಬೇಕು. ತಗಡನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿ, ಬೆಸುಗೆ ಹಿಡಿಯಲು ಫ್ಲಕ್ಸ್ ಹಚ್ಚಿ, ಕಡ್ಡಿಯನ್ನು ಲೋಹದ ಮೇಲೆ ಹಿಡಿದಿಡಿ. ಬೆಸುಗೆ ತಾನೇ ನೀರಾಗಿ ಸಂದಿಗೆ ಹರಿದರೆ ಕೆಲಸ ಆಯಿತು. ಉಂಡೆಯಾಗಿ ನಿಂತರೆ ಇನ್ನೂ ಕಾವು ಸಾಲದು ಅಂತ ಅರ್ಥ. ಕಿಟಕಿ ತೆಗೆದಿಟ್ಟುಕೊಂಡು ಕೂರಿ.

ಚಪ್ಪಟೆತನ ನೋಡಲು ಗ್ರಾನೈಟ್ ಅಂಗಡಿಯಲ್ಲಿ ಬಿಸಾಡುವ ಒಂದು ಪಾಲಿಶ್ ತುಂಡು ತಂದುಕೊಳ್ಳಿ. ಮುಗಿದ ಚಾಸಿಯನ್ನು ಅದರ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ. ಟಕ್ ಟಕ್ ಅಂತ ಅಲ್ಲಾಡಿದರೆ ತಗಡು ತಿರುಚಿದೆ. ಕೈಯಲ್ಲೇ ನಿಧಾನಕ್ಕೆ ತಿದ್ದಿ. ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಮುಂದಿನ ಚಕ್ರವೇ ಊರುಗೋಲು

ಕಾರಿನಲ್ಲಿ ಮುಂದಿನ ಚಕ್ರಗಳನ್ನು ಟ್ರ್ಯಾಕಿನಿಂದ ಎತ್ತಿ, ಸುಮ್ನೆ ನೋಟಕ್ಕೆ ಬಿಡುವವರಿದ್ದಾರೆ. ಟ್ರಕ್ಕಿನಲ್ಲಿ ಹಾಗೆ ಮಾಡಬೇಡಿ.

ಮುಂದಿನ ಚಕ್ರ ನೆಲಕ್ಕೆ ತಾಗದಿದ್ದರೆ ಗಾಡಿ ನಿಂತಿರುವುದು ಮೂರು ಕಾಲಿನ ಮೇಲೆ: ಗೈಡ್ ಮತ್ತು ಹಿಂದಿನ ಎರಡು ಚಕ್ರ. ಮಗುಚುವಾಗ ಅದು ಗೈಡಿನಿಂದ ಹೊರಬದಿಯ ಹಿಂದಿನ ಚಕ್ರಕ್ಕೆ ಎಳೆದ ಓರೆ ಗೆರೆಯ ಮೇಲೆ ಹೊರಳುತ್ತದೆ. ತೂಕದ ಕೇಂದ್ರ ಹಿಂದಿನ ಆಕ್ಸಲ್ಲಿನಿಂದ ಗೈಡಿನವರೆಗಿನ ದೂರದ ಶೇ. 40ರಷ್ಟು ಮುಂದಿದ್ದರೆ, ಆ ಗೆರೆ ಕೇಂದ್ರದಿಂದ ಪಕ್ಕಕ್ಕೆ ಬರೀ 21.6 ಮಿ.ಮೀ. ದೂರ. ಮುಂದಿನ ಚಕ್ರ ತಾಗುತ್ತಿದ್ದರೆ ಅದೇ ಗಾಡಿಗೆ ಪೂರ್ತಿ 36 ಮಿ.ಮೀ., ಅಂದರೆ 72ರ ಅರ್ಧ, ಸಿಗುತ್ತದೆ. ಕೇಂದ್ರದ ಎತ್ತರ 19.8 ಅಂತಿಟ್ಟುಕೊಂಡರೆ, ಮೊದಲನೆಯದು 47 ಡಿಗ್ರಿ ವಾಲಿದಾಗ ಬೀಳುತ್ತದೆ. ಎರಡನೆಯದು 61 ಡಿಗ್ರಿವರೆಗೆ ತಡೆಯುತ್ತದೆ.

ಹಾಗಂತ ಮುಂದಿನ ಚಕ್ರ ಗೈಡನ್ನು ಎತ್ತಿಬಿಡಬಾರದು. ಬ್ರೇಡ್ ಪಟ್ಟಿಗೆ ಒತ್ತಿ ಕೂತಾಗ, ಟೈರಿನ ಕೆಳಗೆ ಒಂದು ಮಾಮೂಲಿ ಹಾಳೆ ಜಾರಬೇಕು, ಎರಡು ಹಾಳೆ ಸಿಕ್ಕಿಕೊಳ್ಳಬೇಕು. ಅಷ್ಟೇ ಸಂದಿ. ನೋಡಲು ಒಂದು ಮರದ ತುಂಡಿನಲ್ಲಿ ಗರಗಸದಿಂದ ಸೀಳು ಕೊಯ್ದು, ಗೈಡನ್ನು ಅದರೊಳಗೆ ಇಳಿಸಿ ಪರೀಕ್ಷಿಸಿ. ಎತ್ತರ ಹೊಂದಿಸಲು ಗೈಡಿನ ಕಂಬಕ್ಕೆ ತೆಳು ವಾಷರ್ ಹಾಕಿ ಅಥವಾ ತೆಗೆಯಿರಿ.

ಮುಂದಿನ ಟೈರಿಗೆ ಹಿಡಿತ ಬೇಡ. ಎರಡು ಪದರ ನೇಲ್ ಪಾಲಿಶ್ ಹಚ್ಚಿ ಒಣಗಿಸಿ, ಮೇಲ್ಮೈ ನುಣುಪಾಗಿ ಜಾರುತ್ತದೆ. ಎರಡು ಚಕ್ರವೂ ಬೇರೆಬೇರೆಯಾಗಿ ತಿರುಗುವಂತಿದ್ದರೆ ತಿರುವಿನಲ್ಲಿ ಎಳೆತ ಇನ್ನೂ ಕಡಿಮೆ.

ಹಿಂದಿನ ಟೈರು

ರೇಸ್ ಟ್ರಕ್ಕಿಗೆ ಹಿಂದೆ ಜೋಡಿ ಚಕ್ರ. ಮಾದರಿಯಲ್ಲೂ ಜೋಡಿ ಹಾಕಿ, ಆದರೆ ಒಳಗಿನದನ್ನು ಅರ್ಧ ಮಿ.ಮೀ. ಚಿಕ್ಕದು ಮಾಡಿ. ನೆಲ ಮುಟ್ಟುವುದು ಹೊರಗಿನದು ಮಾತ್ರ. ನೋಟವೂ ಉಳಿಯಿತು, ಗಾಡಿಯ ಭಾರ ಆದಷ್ಟು ಹೊರಗೂ ನಿಂತಿತು.

ಸಾದಾ ರಬ್ಬರ್ ಸಾಕು. ಮರದ ಟ್ರ್ಯಾಕಿನಲ್ಲಿ ಸ್ಪಂಜ್ ಟೈರು ಕಾರಿಗೆ ಅದ್ಭುತ, ಟ್ರಕ್ಕಿಗೆ ಅಪಾಯ. ಹಿಡಿತ ಜಾಸ್ತಿಯಾದರೆ ಜಾರುವ ಬದಲು ಮಗುಚುತ್ತದೆ.

ಟೈರನ್ನು ರಿಮ್ಮಿಗೆ ಫೆವಿಕ್ವಿಕ್ ಹಾಕಿ ಅಂಟಿಸಿ. ಒಣಗಿದ ಮೇಲೆ ದುಂಡು ಮಾಡಬೇಕು. ಗ್ರಾನೈಟ್ ತುಂಡಿನ ಮೇಲೆ 400ರ ವಾಟರ್ ಪೇಪರನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸಿ, ಒದ್ದೆ ಮಾಡಿ. ಮೋಟಾರಿಗೆ 5-6 ವೋಲ್ಟ್ ಕೊಟ್ಟು ಟೈರನ್ನು ಮೆಲ್ಲಗೆ ತಾಗಿಸಿ. ಮೊದಲು ಅಲ್ಲಲ್ಲಿ ಮಾತ್ರ ಕಪ್ಪು ಉಜ್ಜುತ್ತದೆ. ಸುತ್ತಲೂ ಒಂದೇ ಸಮ ಮಂಕು ಬಣ್ಣ ಬಂದಾಗ ನಿಲ್ಲಿಸಿ. ಒತ್ತಿ ಹಿಡಿಯಬೇಡಿ, ರಬ್ಬರ್ ಬಿಸಿಯಾಗಿ ಹರಿಯುತ್ತದೆ. ಕೊನೆಗೆ ಹೊರ ಅಂಚನ್ನು ಅರ್ಧ ಮಿ.ಮೀ. ಮಾತ್ರ ಮೊಂಡು ಮಾಡಿ. ಚೂಪಾದ ಅಂಚು ಟ್ರ್ಯಾಕಿಗೆ ಕಚ್ಚಿಕೊಂಡು ಗಾಡಿಯನ್ನು ಎತ್ತಿ ಹಾಕುತ್ತದೆ.

ಕ್ಯಾಬಿನ್

72 ಅಗಲ, 60 ಉದ್ದ, 65 ಎತ್ತರದ ಕ್ಯಾಬಿನ್ನನ್ನು 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟಿನಲ್ಲಿ ಮಾಡಿದರೆ ಸುಮಾರು 22 ಗ್ರಾಂ. ಅರ್ಧ ಮಿ.ಮೀ. ಶೀಟಿನಲ್ಲಿ 11 ಗ್ರಾಂ. ಕಿಟಕಿ ಕತ್ತರಿಸಿದ ಮೇಲೆ ಇನ್ನೂ ಕಡಿಮೆ. ಅರ್ಧ ಮಿ.ಮೀ. ಬಹಳ ತೆಳು ಅಂತ ಹೆದರಬೇಡಿ. ಒಳ ಮೂಲೆಗಳಿಗೆಲ್ಲ 2 ಮಿ.ಮೀ. ಚೌಕದ ಪಟ್ಟಿ ಅಂಟಿಸಿದರೆ ಗಟ್ಟಿಯಾಗುತ್ತದೆ. ಬಂಪರ್ ಮತ್ತು ಕೆಳಗಿನ ಸ್ಕರ್ಟ್ ಮಾತ್ರ 1 ಮಿ.ಮೀ. ಇರಲಿ. ಡಿಕ್ಕಿ ಹೊಡೆಯುವುದು ಅವೇ, ತೂಕವೂ ತಗ್ಗಿನಲ್ಲೇ ಇರುತ್ತದೆ.

ಗಾಜಿಗೆ ತೆಳು ಪಾರದರ್ಶಕ ಹಾಳೆ ಸಾಕು. ಹೊಸ ಶರ್ಟಿನ ಡಬ್ಬದ ಕಿಟಕಿ ಹಾಳೆಯೂ ನಡೆಯುತ್ತದೆ. ಒಳಗೆ ಸೀಟು, ಸ್ಟೇರಿಂಗ್ ಎಲ್ಲ ಬೇಕೆನಿಸಿದರೆ ಡ್ರೈವರಿನ ಎದೆಯಿಂದ ಮೇಲಿನ ಭಾಗ ಮಾತ್ರ ಮಾಡಿ, ಥರ್ಮೋಕೋಲಿನಲ್ಲಿ. ಕನ್ನಡಿಗಳನ್ನು ರಬ್ಬರಿನಲ್ಲಿ ಮಾಡಿದರೆ ಮುರಿಯುವುದಿಲ್ಲ. ಬಣ್ಣಕ್ಕೂ ತೂಕವಿದೆ, ಅದರಲ್ಲೂ ಚಾವಣಿಯ ಮೇಲೆ. ತೆಳುವಾಗಿ ಹೊಡೆಯಿರಿ. ಹೆಸರು, ನಂಬರು, ಪಟ್ಟೆಗಳಿಗೆ ನೀರಲ್ಲಿ ನೆನೆಸಿ ಅಂಟಿಸುವ ವಾಟರ್ ಸ್ಲೈಡ್ ಹಾಳೆಯ ಮೇಲೆ ಮನೆಯ ಪ್ರಿಂಟರಿನಲ್ಲೇ ಮುದ್ರಿಸಿ, ಒಣಗಿದ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದು ಬಳಸಬಹುದು. ಕನ್ನಡ ಅಂಕಿಯ ರೇಸ್ ನಂಬರ್ ಬಾಗಿಲ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ, ಮಾಡಿ ನೋಡಿ.

ಬಾಡಿಯನ್ನು ಚಾಸಿಗೆ ಸ್ಕ್ರೂ ಹಾಕಿ ಬಿಗಿದ ಮೇಲೆ ಅರ್ಧ ಸುತ್ತು ಸಡಿಲಿಸಿ. ಅರ್ಧ ಮಿ.ಮೀ. ಆಡಬೇಕು. ಟ್ರ್ಯಾಕಿನ ಕುಲುಕು ಕ್ಯಾಬಿನ್ನಿಗೆ ನೇರವಾಗಿ ಹೋಗುವುದಿಲ್ಲ. ಇದಕ್ಕಿಂತ ಜಾಸ್ತಿ ಸಡಿಲ ಬೇಡ, ಕ್ಯಾಬಿನ್ ವಾಲಿ ಗಾಡಿಯನ್ನೂ ಎಳೆದುಕೊಳ್ಳುತ್ತದೆ.

ಜೋಡಣೆ

ಮೋಟಾರನ್ನು ಮೊದಲು ಎರಡು ಪೆನ್ಸಿಲ್ ಸೆಲ್ ಸೇರಿಸಿ 3 ವೋಲ್ಟಿನಲ್ಲಿ ಅರ್ಧ ಗಂಟೆ ಖಾಲಿ ಓಡಿಸಿ. ಒಳಗೆ ಕರೆಂಟ್ ದಾಟಿಸುವ ಬ್ರಷ್ ಹದಕ್ಕೆ ಬರುತ್ತದೆ. ಗೇರ್ ಕೂರಿಸುವಾಗ ಹಲ್ಲುಗಳ ನಡುವೆ ತೆಳು ಹಾಳೆಯ ಪಟ್ಟಿ ಇಟ್ಟು ಬಿಗಿದು, ಆಮೇಲೆ ಹಾಳೆ ಎಳೆದು ತೆಗೆಯಿರಿ. ಸರಿಯಾದ ಸಡಿಲ ಉಳಿಯುತ್ತದೆ. ಗೇರ್ ಕಿರುಗುಟ್ಟಿದರೆ ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ಕೆಲವು ನಿಮಿಷ ಓಡಿಸಿ, ಚೆನ್ನಾಗಿ ತೊಳೆದು, ಬುಷ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಮೋಟಾರಿನ ಬ್ರಷ್ ಕಡೆಗೆ ಎಣ್ಣೆ ಹೋಗಬಾರದು.

ಗೈಡಿಗೆ ಹೋಗುವ ವೈರು ಮೆತ್ತಗಿನ ಸಿಲಿಕೋನ್ ವೈರೇ ಆಗಿರಲಿ. ಗಡಸು ವೈರು ಗೈಡನ್ನು ಒಂದು ಕಡೆಗೆ ತಳ್ಳುತ್ತದೆ, ನೇರ ದಾರಿಯಲ್ಲೂ ಗಾಡಿ ಹೊರಬೀಳುತ್ತದೆ. ಟ್ರಕ್ ಹಿಂದಕ್ಕೆ ಓಡಿದರೆ ಎರಡು ವೈರನ್ನು ಅದಲುಬದಲು ಮಾಡಿ.

ವಾಲಿಸಿ ನೋಡುವ ಪರೀಕ್ಷೆ

ಟ್ರ್ಯಾಕಿಗೆ ಇಳಿಸುವ ಮೊದಲು ಇದೊಂದನ್ನು ಮಾಡಿ. ಹಲಗೆಯ ಮೇಲೆ ಟ್ರಕ್ ಅಡ್ಡಲಾಗಿ ನಿಲ್ಲಿಸಿ. ಕೆಳಬದಿಯ ಟೈರುಗಳಿಗೆ ಒರಗುವಂತೆ 1 ಮಿ.ಮೀ. ಪಟ್ಟಿ ಅಂಟಿಸಿ, ಜಾರದಿರಲಿ. ಹಲಗೆಯನ್ನು ನಿಧಾನಕ್ಕೆ ಎತ್ತಿ. ಟ್ರಕ್ ಮಗುಚುವ ಕ್ಷಣದ ಕೋನವನ್ನು ಫೋನಿನ ಲೆವೆಲ್ ಆ್ಯಪಿನಲ್ಲಿ ನೋಡಿ. 45 ಡಿಗ್ರಿಗಿಂತ ಮೊದಲೇ ಬಿದ್ದರೆ ಟ್ರ್ಯಾಕಿನಲ್ಲಿ ಖಂಡಿತ ಪಲ್ಟಿ. 55 ದಾಟಿದರೆ ಒಳ್ಳೆಯದು. 60 ಬಂದರೆ ನೀವು ಗೆದ್ದಿರಿ. ಕಡಿಮೆ ಬಂದರೆ ಮೊದಲು ಕ್ಯಾಬಿನ್ ಒಳಗೆ ಏನು ತೆಗೆಯಬಹುದು ನೋಡಿ, ಆಮೇಲೆ ಸೀಸ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಟ್ರ್ಯಾಕಿನಲ್ಲಿ

9 ವೋಲ್ಟಿನಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಸುತ್ತಿನ ಸಮಯ ಬರೆದುಕೊಳ್ಳಿ. ತಿರುವಿನ ಒಳಗೆ ಹೋಗುವಾಗಲೇ ಗೈಡ್ ಎದ್ದರೆ ಮುಂದೆ ತೂಕ ಸಾಲದು. ಗೈಡಿನ ಹಿಂದೆ ಎರಡು ಗ್ರಾಂ ಸೇರಿಸಿ. ತಿರುವಿನ ಮಧ್ಯೆ ಒಳಚಕ್ರ ಎದ್ದರೆ ಹಿಂದಿನ ಟೈರಿಗೆ ಹಿಡಿತ ಜಾಸ್ತಿ, ಅಂಚನ್ನು ಇನ್ನೊಂದಿಷ್ಟು ಮೊಂಡು ಮಾಡಿ. ನೇರ ದಾರಿಯಲ್ಲಿ ಹಿಂಭಾಗ ಕುಪ್ಪಳಿಸಿದರೆ ಟೈರ್ ದುಂಡಗಿಲ್ಲ, ಇಲ್ಲವೇ ಆಕ್ಸಲ್ ಬಾಗಿದೆ. ಹಿಂಭಾಗ ಬೀಸಿ ಹೊರಗೆ ಹೋಗುತ್ತಿದ್ದರೆ ಸಂತೋಷಪಡಿ. ಅದು ಜಾರುತ್ತಿದೆ, ನಮಗೆ ಬೇಕಾದ್ದೂ ಅದೇ. ಈಗ ಮೆಲ್ಲಗೆ ವೋಲ್ಟೇಜ್ ಏರಿಸಬಹುದು.

ಮ್ಯಾಗ್ನೆಟ್ ಬಗ್ಗೆ ಕೇಳುತ್ತಾರೆ. ಪ್ಲಾಸ್ಟಿಕ್ ಟ್ರ್ಯಾಕಿನ ಉಕ್ಕಿನ ಪಟ್ಟಿಗೆ ಅದು ಗಾಡಿಯನ್ನು ಎಳೆದು ಹಿಡಿಯುತ್ತದೆ, ನಿಜ. ಆದರೆ ಹಿಡಿತ ಬಿಟ್ಟ ಕ್ಷಣ ಮುನ್ಸೂಚನೆ ಇಲ್ಲದೆ ಟ್ರಕ್ ಹಾರುತ್ತದೆ. ತಾಮ್ರದ ಟೇಪಿನ ಮರದ ಟ್ರ್ಯಾಕಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಚಿಕ್ಕ ಮಕ್ಕಳು ಓಡಿಸುವುದಾದರೆ ಹಾಕಿ. ನೀವು ಓಡಿಸುವುದಾದರೆ ಬೇಡ. ಯುರೋಪಿನ ನಿಜವಾದ ಟ್ರಕ್ ರೇಸಿನಲ್ಲೂ ವೇಗವನ್ನು ಗಂಟೆಗೆ 160 ಕಿ.ಮೀ.ಗೆ ಕಟ್ಟಿಹಾಕಿದ್ದಾರೆ. ಅಲ್ಲಿ ರೇಸ್ ಗೆಲ್ಲುವುದು ತಿರುವಿನಲ್ಲಿ, ಇಲ್ಲೂ ಹಾಗೆಯೇ.

ಟ್ರೇಲರ್ ಬೇಕೆಂದರೆ

ಅಳತೆಗೆ ಸರಿಯಾದ 13.6 ಮೀಟರ್ ಟ್ರೇಲರ್ ಮಾಡಲು ಹೋಗಬೇಡಿ. ಅದು 425 ಮಿ.ಮೀ. ಆಗುತ್ತದೆ. 300 ಮಿ.ಮೀ. ತ್ರಿಜ್ಯದ ತಿರುವಿಗೆ ಅದು ತೀರಾ ಉದ್ದ. 20 ಅಡಿ ಕಂಟೇನರ್ ಹೊರುವ ಚಿಕ್ಕ ಟ್ರೇಲರ್ ಸರಿ, ಕಂಟೇನರ್ 189 ಮಿ.ಮೀ. ಕೊಂಡಿಯಿಂದ ಟ್ರೇಲರ್ ಆಕ್ಸಲ್ಲಿಗೆ 150 ಮಿ.ಮೀ. ಇಟ್ಟರೂ ಆ ತಿರುವಿನಲ್ಲಿ ಅದರ ಚಕ್ರ 40 ಮಿ.ಮೀ. ಒಳಗೆ ಕತ್ತರಿಸುತ್ತದೆ. ಪಕ್ಕದ ಲೇನಿನವರಿಗೆ ಮೊದಲೇ ಹೇಳಿಬಿಡಿ.

ಕೊಂಡಿ ಹಿಂದಿನ ಆಕ್ಸಲ್ಲಿಗಿಂತ ಕೊಂಚ ಮುಂದಿರಲಿ. ಟ್ರೇಲರಿನ ಭಾರ ಆಗ ಚಾಲಕ ಚಕ್ರಕ್ಕೂ ಸಿಗುತ್ತದೆ, ಸ್ವಲ್ಪ ಮುಂದಕ್ಕೂ ಹಂಚಿಕೊಳ್ಳುತ್ತದೆ. ಕಂಟೇನರ್ ಕಾಗದದ ರಟ್ಟಿನಲ್ಲಿ ಮಾಡಿ, ತೂಕವೆಲ್ಲ ಟ್ರೇಲರಿನ ತಳದಲ್ಲಿ ಇರಲಿ. ಟ್ರೇಲರ್ ಜೊತೆ ಓಡಿಸುವಾಗ ಕಂಟ್ರೋಲರನ್ನು ಒಮ್ಮೆಗೇ ಬಿಡಬೇಡಿ. ಟ್ರಕ್ ತಟ್ಟನೆ ನಿಂತರೆ ಟ್ರೇಲರ್ ಹಿಂದಿನಿಂದ ನೂಕಿ ಎರಡೂ ಮಡಚಿಕೊಳ್ಳುತ್ತವೆ. ತಿರುವಿಗೆ ಒಂದು ಟ್ರಕ್ ಉದ್ದದಷ್ಟು ಮೊದಲೇ ಸಡಿಲಿಸಿ, ತಿರುವಿನಲ್ಲಿ ಸಣ್ಣಗೆ ಎಳೆಯುತ್ತಲೇ ಇರಿ. ಕೊಂಡಿ ಬಿಗಿಯಾಗಿ ಇರುವಷ್ಟು ಹೊತ್ತು ಟ್ರೇಲರ್ ಹೇಳಿದ ಮಾತು ಕೇಳುತ್ತದೆ.